ಮಸ್ತಕಾಭಿಷೇಕದ ವಿಡಿಯೊ ಯಾವ ಡಿಸ್ಕಲ್ಲಿದೆ?

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ, 2018ರ ಮಹಾಮಸ್ತಕಾಭಿಷೇಕ. ಬಾಹುಬಲಿಯ ತಲೆ ಮೇಲಿಂದ ಹಾಲು, ಅರಿಶಿನ, ಚಂದನ ಇಳೀತಿದ್ದಾಗ ಶೂಟ್ ಮಾಡಿದ್ರಲ್ಲ, ಆ ಫೈಲು ಈಗ ಎಲ್ಲಿದೆ?

ಹಾಸನ, ಹೊಳೆನರಸೀಪುರ, ಅರಕಲಗೂಡಿನ ಸ್ಟುಡಿಯೊದವರೇ, ಲೆಕ್ಕ ನೋಡಿ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊ ಅಂದ್ರೆ ಗಂಟೆಗೆ 45 ಜಿಬಿ. ಎರಡು ದಿನದ ಮದುವೆ, ಮೂರು ಕ್ಯಾಮೆರಾ... ಡಿಸ್ಕ್ ತುಂಬಿತು ಬಿಡಿ.

ಬಿಲ್ಲು, ಪತ್ರ ಜೋಡಿಸಿಡೋ ಡಾಕ್ಯುಮೆಂಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ಗೇ ಈ ವಿಡಿಯೊಗಳನ್ನೂ ತುರುಕಬಹುದಾ? ಬೇಡ. ಪುಟ ತೋರಿಸೋಕೆ ಹುಟ್ಟಿದ್ದು ಅದು, ಏದುಸಿರು ಬಿಡುತ್ತೆ. ಅದರಲ್ಲಿ ಹೆಸರು, ಊರು, ತಾರೀಖು, ಫೈಲಿನ ವಿಳಾಸ ಇರಲಿ, ಸಾಕು. ಹುಡುಕೋಕೆ ಅದು ಒಳ್ಳೇದು.

ಮೂಲ ಫೈಲು ನ್ಯಾಸ್ ಪೆಟ್ಟಿಗೇಲಿ, ಅಂದ್ರೆ ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೇಲಿ. ನೋಡೋಕೆ ಬೇರೆಯೇ ಚಿಕ್ಕ ಪ್ರತಿ: ಸೆಕೆಂಡಿಗೆ 5 ಮೆಗಾಬಿಟ್‌, ಗಂಟೆಗೆ ಬರೀ ಎರಡೂಕಾಲು ಜಿಬಿ. ಅದನ್ನ ಎರಡು ಮೂರು ಗುಣಮಟ್ಟದಲ್ಲಿ ಮಾಡಿ, ಕೆಲವೇ ಸೆಕೆಂಡಿನ ತುಂಡುಗಳಾಗಿ ಕಳಿಸೋ ವಿಧಾನವೇ ಎಚ್‌ಎಲ್‌ಎಸ್. ನೆಟ್ ನಿಧಾನ ಆದ್ರೆ ಪ್ಲೇಯರ್ ತಾನಾಗೇ ಹಗುರ ತುಂಡಿಗೆ ಇಳಿಯುತ್ತೆ.

ಪೆಟ್ಟಿಗೇಲಿ ಹಲವು ಡಿಸ್ಕ್ ಒಟ್ಟು ಸೇರಿಸೋ ರೇಡ್ ಇದೆ ಅಂತ ಬೀಗಬೇಡಿ, ರೇಡ್ ಬ್ಯಾಕಪ್ ಅಲ್ಲ. ಇನ್ನೊಂದು ಪ್ರತಿ ಬೇರೆ ಊರಲ್ಲಿರಲಿ.

12 ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ಮುಂದಿನ ಅಭಿಷೇಕ 2030ಕ್ಕೆ. 2018ರ ಡಿಸ್ಕನ್ನ ಇವತ್ತೇ ಹೊರಗೆ ತೆಗೀರಿ, ಇನ್ನೂ ತಿರುಗುತ್ತಾ ನೋಡಿ.