ಜಾವಾದ ಗುಣ, ಜಾವಾದ ಹೊಗೆ

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಜಯಚಾಮರಾಜ ಒಡೆಯರ ಹಸ್ತದಿಂದ ಉದ್ಘಾಟನೆಗೊಂಡ ಐಡಿಯಲ್ ಜಾವಾ ಕಾರ್ಖಾನೆಯು, ಚೆಕೊಸ್ಲೊವಾಕಿಯಾ ಮೂಲದ ಮೋಟಾರು ಸೈಕಲ್ಲನ್ನು ಮೊದಲು ಜಾವಾ ಎಂದೂ, ಎಪ್ಪತ್ತರ ದಶಕದಿಂದೀಚೆಗೆ ಯೆಜ್ಡಿ ಎಂದೂ ಹೆಸರಿಟ್ಟು ದೇಶದ ಉದ್ದಗಲಕ್ಕೂ ಕಳುಹಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ಆದರೂ ಆ ಗಾಡಿಗಳನ್ನು ಬಿಡಲೊಲ್ಲದವರು ಇಂದಿಗೂ ಇರುವರು. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸಿ, ಊರೂರಿನಲ್ಲಿ ಮೆರವಣಿಗೆಯನ್ನೂ ಹೊರಡಿಸುವರು. ಗುಂಡಿ ಒತ್ತಿದೊಡನೆ ಚಾಲೂ ಆಗಿ, ಒಂದು ಲೀಟರು ಪೆಟ್ರೋಲಿಗೆ ಎಷ್ಟೋ ಹೆಚ್ಚು ದೂರ ಕ್ರಮಿಸುವ ಹೊಸ ಬೈಕುಗಳಿರುವಾಗ ಇವರದೇನು ವ್ಯಾಮೋಹವೆಂದು ಕೇಳುವವರಿಗೆ, ಗತಕಾಲದ ಮೇಲಣ ಮಮತೆಯೆಂದು ಹೇಳಿ ಜಾರಿಕೊಳ್ಳುವುದು ಸುಲಭ; ನಿಜವಾದ ಉತ್ತರವು ಆ ಯಂತ್ರದ ರಚನೆಯಲ್ಲಿಯೇ ಇದೆ.

ಅದನ್ನು ಚಾಲೂ ಮಾಡುವ ಕ್ರಮವನ್ನೇ ನೋಡಬಹುದು. ಪೆಟ್ರೋಲ್ ಟ್ಯಾಪು ತಿರುಗಿಸಿ, ಕಾರ್ಬ್ಯುರೇಟರಿನ ಪುಟ್ಟ ಗುಂಡಿಯನ್ನು ಪೆಟ್ರೋಲು ಒಸರುವವರೆಗೆ ಅದುಮಿ, ಎಡಬದಿಯ ಗೇರು ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ, ಅದೇ ಲಿವರು ಕಿಕ್ಕರ್ ಆಗಿ ಪರಿಣಮಿಸುತ್ತದೆ. ಇಂಜಿನ್ನು ಹೊತ್ತಿಕೊಂಡ ಬಳಿಕ ಅದನ್ನು ಮುಂದಕ್ಕೆ ತಂದರೆ ಮತ್ತೆ ಗೇರು ಲಿವರು. ಅಷ್ಟೇ ಅಲ್ಲ, ಗೇರು ಬದಲಿಸಲು ಕಾಲಿನಿಂದ ಅದನ್ನು ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಡುವ ಏರ್ಪಾಡೂ ಉಂಟು. ಇಷ್ಟೊಂದು ಕೆಲಸವನ್ನು ಒಂದೇ ಕಬ್ಬಿಣದ ತುಂಡಿಗೆ ಹೊರಿಸಿದ ಆ ಶಿಲ್ಪಿಯ ಮಿತವ್ಯಯವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಇನ್ನು ಸದ್ದು. ಅದರದು ಸುಮಾರು 250 ಸಿಸಿಯ, ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್ನು. ಆ ಒಂದು ಸಿಲಿಂಡರಿಗೆ ಹೊಗೆ ಹೊರಹೋಗಲು ಎರಡು ದ್ವಾರಗಳು, ಎರಡು ಸೈಲೆನ್ಸರುಗಳು. ನಿಂತಲ್ಲಿಯೇ ಮಂದವಾಗಿ ತಿರುಗುವಾಗ ಸುಟ್ಟ ಅನಿಲವು ಪೂರ್ತಿಯಾಗಿ ತೊಲಗದೆ ಹೊಸ ಮಿಶ್ರಣದೊಡನೆ ಬೆರೆಯುವುದರಿಂದ, ಒಂದು ಸುತ್ತಿಗೆ ಹೊತ್ತಿಕೊಂಡು, ಮತ್ತೊಂದೆರಡು ಸುತ್ತಿಗೆ ಸುಮ್ಮನಿದ್ದು, ಪುನಃ ಸಿಡಿಯುತ್ತದೆ; ತಾಳ ತಪ್ಪಿತೇನೋ ಎನ್ನಿಸಿ ಸಮಕ್ಕೆ ಬಂದು ಸೇರುವ ಮೃದಂಗದ ನಡೆಯಂತಹ ಆ ಸದ್ದಿನಿಂದ, ಮಿಶ್ರಣ ಹೆಚ್ಚಾಯಿತೇ, ಪ್ಲಗ್ಗು ಕರಿ ಹಿಡಿಯಿತೇ ಎಂಬುದನ್ನು ಅನುಭವಸ್ಥನಾದ ಮೆಕ್ಯಾನಿಕ್ಕು ಊಹಿಸಬಲ್ಲನು. ಹೊಸ ಬೈಕಿನಲ್ಲಿ ಈ ವಿಚಾರವನ್ನೆಲ್ಲ ಸೆನ್ಸರುಗಳೂ ಗಣಕವೂ ವಹಿಸಿಕೊಂಡು, ಸವಾರನಿಗೆ ತಿಳಿಯದಂತೆಯೇ ತಿದ್ದಿಬಿಡುತ್ತವೆ. ಅದು ಉಪಕಾರವೇ ಸರಿ. ಆದರೆ ಉಪಕೃತನಾದವನಿಗೆ ಯಂತ್ರದೊಡನೆ ಮಾತು ಉಳಿಯುವುದಿಲ್ಲ.

ಆದರೆ ಈ ಗುಣಕ್ಕೂ ದೋಷಕ್ಕೂ ಮೂಲವೊಂದೇ ಎಂಬುದನ್ನು ಅಭಿಮಾನಿಗಳು ಮರೆಮಾಚಬಾರದು. ಹೊಸ ಮಿಶ್ರಣವೇ ಹಳೆಯ ಹೊಗೆಯನ್ನು ನೂಕುವ ಟೂ ಸ್ಟ್ರೋಕ್ ಪದ್ಧತಿಯಲ್ಲಿ, ಸುಡದ ಪೆಟ್ರೋಲಿನ ಒಂದಂಶವು ಅದೇ ದ್ವಾರದಿಂದ ಹೊರಕ್ಕೆ ಸೋರಿಹೋಗುತ್ತದೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಉರಿದು ನೀಲಿ ಹೊಗೆಯಾಗುತ್ತದೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಎಂಬ ಫೋರ್ ಸ್ಟ್ರೋಕ್ ಬೈಕು ಬಂದು ಮಿತವ್ಯಯದ ರುಚಿ ತೋರಿಸಿದ ಮೇಲೆ, ಸಂಬಳದಲ್ಲಿ ಸಂಸಾರ ನಡೆಸುವವರು ಅತ್ತ ತಿರುಗಿದ್ದು ಅರಸಿಕತೆಯಿಂದಲ್ಲ, ವಿವೇಕದಿಂದ. ದಿನವೂ ಆಫೀಸಿಗೆ ಹೋಗಿಬರುವವನು ಹೊಸ ಬೈಕನ್ನೇ ಇಟ್ಟುಕೊಳ್ಳಲಿ. ಪುರಸೊತ್ತಿನ ಭಾನುವಾರಕ್ಕೆ, ಕೈ ಮಸಿಯಾದರೂ ಬೇಸರಿಸದವನಿಗೆ, ಜಾವಾ. ಇದು ನನ್ನ ತೀರ್ಪು.

ಕೊಳ್ಳಲು ಹೊರಟವರು ಬಣ್ಣಕ್ಕೆ ಮರುಳಾಗದೆ, ಆರ್.ಸಿ. ಪುಸ್ತಕದಲ್ಲಿರುವ ಇಂಜಿನ್ ಮತ್ತು ಚಾಸಿ ಸಂಖ್ಯೆಗಳು ಗಾಡಿಯ ಮೇಲಿನವುಗಳೊಡನೆ ಹೊಂದುವುವೇ ಎಂದು ಮೊದಲು ನೋಡಿರಿ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು.