ಕೊರಿಯಾದ ಧಾರಾವಾಹಿಗಳು: ಕತೆ ಬರೆದವರದೋ, ನೋಡಿದವರದೋ?

ಕೊರಿಯಾ ದೇಶದ ಟೆಲಿವಿಷನ್ ಧಾರಾವಾಹಿಗಳ ಕುರಿತು ಇಲ್ಲಿ ನಾಲ್ಕು ಮಾತು ಬರೆಯಹೊರಟರೆ ನಮ್ಮ ಓದುಗರಲ್ಲಿ ಹಿರಿಯರಾದವರು ಹುಬ್ಬೇರಿಸಿಯಾರು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ಮೊಮ್ಮಗಳೋ ಇದ್ದರೆ ಅವಳನ್ನೊಮ್ಮೆ ಕೇಳಿ ನೋಡಲಿ. ನಾಲ್ಕಾರು ಹೆಸರುಗಳು ತಟ್ಟನೆ ಹೊರಬರುತ್ತವೆ. ಆ ಹೆಸರುಗಳ ಜತೆಗೆ ಇವನು ಒಳ್ಳೆಯವನು, ಅವನು ನೀಚ, ಇವಳು ಅವನನ್ನು ಮದುವೆಯಾದದ್ದೇ ತಪ್ಪು ಎಂಬ ತೀರ್ಪುಗಳೂ ಬರುತ್ತವೆ. ನಮಗೆ ಕುತೂಹಲ ಹುಟ್ಟಿಸಿದ್ದು ಧಾರಾವಾಹಿಗಳಿಗಿಂತ ಈ ತೀರ್ಪುಗಳು. ಅದರಲ್ಲೂ ಸ್ವತಃ ಕೊರಿಯಾದ ಪ್ರೇಕ್ಷಕರು ತಮ್ಮ ಧಾರಾವಾಹಿಗಳೊಡನೆ ಆಡುವ ಜಗಳ.

ತಾಳಮದ್ದಳೆ ಮುಗಿದು ಬೆಳಗಿನ ಚಹಾಕ್ಕೆ ಕುಳಿತಾಗ ಕರ್ಣ ಹೆಚ್ಚೋ ಕೃಷ್ಣ ಹೆಚ್ಚೋ ಎಂದು ವಾದಿಸುವ ನಮ್ಮವರಿಗೆ ಇಂಥ ಜಗಳ ಹೊಸತಲ್ಲ. ವ್ಯತ್ಯಾಸ ಇಷ್ಟೇ: ನಾವೆಷ್ಟು ವಾದಿಸಿದರೂ ಕರ್ಣ ಬದುಕಿ ಬರುವುದಿಲ್ಲ. ಕೊರಿಯಾದಲ್ಲಿ ಗಟ್ಟಿಯಾಗಿ ಕೂಗಿದರೆ ಪಾತ್ರ ಬದುಕಿ ಉಳಿದೀತು ಎಂಬ ಆಸೆ ಪ್ರೇಕ್ಷಕರಿಗೆ ಬಹುಕಾಲ ಇತ್ತು. ಅದಕ್ಕೆ ಕಾರಣವೂ ಇತ್ತು.

ಅಲ್ಲಿನ ಧಾರಾವಾಹಿ ನಮ್ಮ ಕಡೆಯವುಗಳಂತೆ ವರ್ಷಗಟ್ಟಲೆ ಎಳೆಯುವುದು ಕಡಿಮೆ. ಸಾಮಾನ್ಯವಾಗಿ ವಾರಕ್ಕೆ ಎರಡು ಕಂತು, ಹದಿನಾರೋ ಇಪ್ಪತ್ತೋ ಕಂತುಗಳಲ್ಲಿ ಕತೆ ಮುಕ್ತಾಯ. ಆದರೆ ಮೊದಲ ಕಂತು ಪ್ರಸಾರವಾಗುವಾಗ ಕೊನೆಯ ಕಂತು ಬರೆದೇ ಇರುತ್ತಿರಲಿಲ್ಲ. ಎರಡು ನಾಲ್ಕು ಕಂತುಗಳನ್ನು ಕೈಯಲ್ಲಿಟ್ಟುಕೊಂಡು ಹೊರಡುವುದು, ಉಳಿದದ್ದನ್ನು ವಾರ ವಾರ ಬರೆಯುವುದು, ಬರೆದಂತೆ ಚಿತ್ರೀಕರಿಸುವುದು. ಅವಸರ ಹೆಚ್ಚಾದಾಗ ಅಂದಿನ ದೃಶ್ಯದ ಹಾಳೆಯಷ್ಟೇ ಅಂದು ಬೆಳಿಗ್ಗೆ ನಟರ ಕೈಸೇರುತ್ತಿತ್ತು. ಇಂಥ ಬಿಡಿಹಾಳೆಗೆ ಅಲ್ಲಿ ‘ಚೋಕ್‌ದೇಬೋನ್’ ಎಂದು ಪ್ರತ್ಯೇಕ ಹೆಸರೇ ಇದೆ. ಹೀಗೆ ಕತೆ ಇನ್ನೂ ಒಲೆಯ ಮೇಲಿರುವಾಗಲೇ ಉಣ್ಣುವವರು ಅಡುಗೆಮನೆಗೆ ಬಂದು ಉಪ್ಪು ಸಾಲದು, ಹುಳಿ ಹೆಚ್ಚಾಯಿತು ಎನ್ನಬಹುದಿತ್ತು.

ಉಣ್ಣುವವರ ಸಂಖ್ಯೆಯೂ ಸಣ್ಣದಲ್ಲ. 1996-97ರಲ್ಲಿ ಪ್ರಸಾರವಾದ ‘ಮೊದಲ ಪ್ರೀತಿ’ ಎಂಬ ಧಾರಾವಾಹಿಯ ಪ್ರೇಕ್ಷಕ ಪ್ರಮಾಣ ಶೇಕಡಾ 65.8ಕ್ಕೆ ಏರಿತ್ತು. ಅದಕ್ಕೂ ಮೊದಲು, 1995ರಲ್ಲಿ, ‘ಮರಳು ಗಡಿಯಾರ’ ಪ್ರಸಾರವಾಗುವ ರಾತ್ರಿಗಳಲ್ಲಿ ಜನ ಬೇಗ ಬೇಗ ಮನೆ ಸೇರುತ್ತಿದ್ದರಂತೆ. ಅದಕ್ಕೇ ಅದನ್ನು ‘ಮನೆಗೆ ಮರಳುವ ಗಡಿಯಾರ’ ಎಂದು ತಮಾಷೆ ಮಾಡುತ್ತಿದ್ದರು. 1980ರಲ್ಲಿ ಗ್ವಾಂಗ್‌ಜು ನಗರದಲ್ಲಿ ಸೈನ್ಯ ಜನರ ಮೇಲೆ ಗುಂಡು ಹಾರಿಸಿದ ಘಟನೆಯನ್ನು ಮನೆಮನೆಯ ಪೆಟ್ಟಿಗೆಯೊಳಗೆ ತಂದು ತೋರಿಸಿದ್ದು ಆ ಧಾರಾವಾಹಿ. ವರ್ಷಗಟ್ಟಲೆ ಬಾಯಿಬಿಟ್ಟು ಹೇಳಲಾಗದಿದ್ದುದನ್ನು ಕಂಡಾಗ ಜನ ಬೀದಿ ಬಿಟ್ಟು ಮನೆ ಸೇರಿದ್ದರಲ್ಲಿ ಆಶ್ಚರ್ಯವೇನು?

ದೂರದರ್ಶನದಲ್ಲಿ ಹಿಂದಿ ಮಾತುಗಳೊಡನೆ ಬಂದಿದ್ದ ‘ಜ್ಯೂವೆಲ್ ಇನ್ ದಿ ಪ್ಯಾಲೇಸ್’ ಕೆಲವು ಓದುಗರಿಗೆ ನೆನಪಿರಬಹುದು. 2003-04ರಲ್ಲಿ ಕೊರಿಯಾದಲ್ಲಿ 54 ಕಂತುಗಳಲ್ಲಿ ನಡೆದ ಕತೆ ಅದು. ಅರಮನೆಯ ಅಡುಗೆಮನೆಗೆ ಸೇರಿದ ಜಾಂಗ್-ಗುಮ್ ಎಂಬ ಹುಡುಗಿ ಮುಂದೆ ರಾಜವೈದ್ಯೆಯಾಗುತ್ತಾಳೆ. ಅವಳಿಗೆ ಸೌಟು ಹಿಡಿಯಲು ಕಲಿಸಿದ ಗುರು ಹಾನ್ ಎಂಬ ಹಿರಿಯ ಅಡುಗೆಯಾಕೆ. ನಾಯಕಿಗಿಂತ ಈ ಗುರುವನ್ನೇ ಪ್ರೇಕ್ಷಕರು ಹೆಚ್ಚಾಗಿ ಹಚ್ಚಿಕೊಂಡುಬಿಟ್ಟರು. ಕಡಿಮೆ ಮಾತು, ನೆಟ್ಟ ನೋಟ, ಕೆಲಸದಲ್ಲಿ ಕಟ್ಟುನಿಟ್ಟು: ಇಂಥ ಒಬ್ಬ ಅಧ್ಯಾಪಿಕೆ ತಮಗೂ ಇದ್ದರೆಂದೋ ಇರಬೇಕಿತ್ತೆಂದೋ ಅನೇಕರಿಗೆ ಅನಿಸಿರಬೇಕು. ಆಕೆ ಸಾಯುವಳೆಂಬ ಸುದ್ದಿ ಹಬ್ಬಿದಾಗ, ದಯವಿಟ್ಟು ಸಾಯಿಸಬೇಡಿ ಎಂದು ಪ್ರೇಕ್ಷಕರು ಮೊರೆಯಿಟ್ಟರು. ಕತೆಗಾರ್ತಿ ಕಿಮ್ ಯಂಗ್-ಹ್ಯುನ್ ಬಗ್ಗಲಿಲ್ಲ. ಜೇಜು ದ್ವೀಪಕ್ಕೆ ಗಡೀಪಾರಾಗಿ ಹೋಗುವ ದಾರಿಯಲ್ಲಿ, ಶಿಷ್ಯೆಯ ಬೆನ್ನ ಮೇಲೆಯೇ ಆಕೆಯ ಪ್ರಾಣ ಹೋಯಿತು. ಲೇಖಕಿ ಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಆ ಸಾವಿಲ್ಲದಿದ್ದರೆ ಮುಂದಿನ ಕತೆಗೆ ಬೆನ್ನೆಲುಬೇ ಇರುತ್ತಿರಲಿಲ್ಲ.

ಲೇಖಕರು ಬಗ್ಗದಿದ್ದಾಗ ಯಾವಾಗಲೂ ಒಳ್ಳೆಯದೇ ಆಗುತ್ತದೆಂದಲ್ಲ. 2004ರ ‘ಪ್ಯಾರಿಸ್ಸಿನ ಪ್ರೇಮಿಗಳು’ ಅರ್ಧ ದೇಶವನ್ನೇ ಕೂರಿಸಿ ಕತೆ ಹೇಳಿ, ಕೊನೆಯಲ್ಲಿ ಇದುವರೆಗೆ ನೀವು ನೋಡಿದ್ದೆಲ್ಲ ನಾಯಕಿ ಬರೆದ ಕತೆಯಷ್ಟೇ ಎಂದುಬಿಟ್ಟಿತು. ಜನ ಸಿಟ್ಟಿಗೆದ್ದರು. 2022ರ ಕೊನೆಯಲ್ಲಿ ಇದೇ ಪೆಟ್ಟು ಮತ್ತೊಮ್ಮೆ ಬಿತ್ತು. ‘ರೀಬಾರ್ನ್ ರಿಚ್’ನಲ್ಲಿ ಧಣಿಗಳ ಕುಟುಂಬಕ್ಕಾಗಿ ದುಡಿದು ಅವರಿಂದಲೇ ಕೊಲೆಯಾದ ನೌಕರ, ಅದೇ ಕುಟುಂಬದ ಕಿರಿಯ ಮೊಮ್ಮಗನಾಗಿ ಹುಟ್ಟಿ ಲೆಕ್ಕ ಚುಕ್ತಾ ಮಾಡುತ್ತಾ ಹೋಗುತ್ತಾನೆ. ಕೊನೆಯ ಕಂತಿನಲ್ಲಿ ಅವನು ಆಸ್ಪತ್ರೆಯಲ್ಲಿ ಹಳೆಯ ನೌಕರನಾಗಿಯೇ ಕಣ್ಣು ತೆರೆದ. ಪ್ರೇಕ್ಷಕ ಪ್ರಮಾಣ ಶೇಕಡಾ 26.9, ಬೈಗುಳಕ್ಕೆ ಲೆಕ್ಕವಿಲ್ಲ. ಸಾಲ ಕೊಟ್ಟವನಿಗೆ ಖೋಟಾ ನೋಟು ಮರಳಿಸಿದ ಹಾಗೆ ಅವರಿಗೆ ಅನಿಸಿತು. ಹದಿನಾರು ಗಂಟೆ ಕೊಟ್ಟವರ ಸಿಟ್ಟು ಅದು, ಅನ್ಯಾಯದ್ದಲ್ಲ.

ವಾರ ವಾರ ಬೇಯಿಸಿ ಬಡಿಸುವ ಈ ಪದ್ಧತಿಗೆ ತೆತ್ತ ಬೆಲೆಯನ್ನು ಮಾತ್ರ ಪ್ರೇಕ್ಷಕರು ಬಹುಕಾಲ ನೋಡಲಿಲ್ಲ. ದೀಪ ಹಿಡಿಯುವವರು, ಕ್ಯಾಮೆರಾ ಹೊರುವವರು, ಸಂಕಲನಕಾರರು ನಿದ್ದೆಯಿಲ್ಲದೆ ದುಡಿಯುತ್ತಿದ್ದರು. 2011ರಲ್ಲಿ ಒಬ್ಬ ನಾಯಕನಟಿ ದುಡಿಮೆಯ ಹೊತ್ತಿಗೆ ಮಿತಿಯೇ ಇಲ್ಲವೆಂದು ಚಿತ್ರೀಕರಣ ಬಿಟ್ಟು ವಿದೇಶಕ್ಕೆ ಹೋದಾಗ ಹೆಚ್ಚಿನವರು ಆಕೆಯನ್ನೇ ಬೈದರು. 2016ರಲ್ಲಿ ಒಂದು ಧಾರಾವಾಹಿಯ ಎಳೆಯ ಪ್ರಾಯದ ಸಹಾಯಕ ನಿರ್ದೇಶಕನೊಬ್ಬ, ತನ್ನ ಕೈಕೆಳಗಿನವರನ್ನು ಹೀಗೆ ದುಡಿಸಲಾರೆನೆಂದು ನೊಂದು ಜೀವ ಕಳೆದುಕೊಂಡ. ಮನೆಯವರು ಸುಮ್ಮನಾಗಲಿಲ್ಲ, ಮರುವರ್ಷ ನಿರ್ಮಾಣ ಸಂಸ್ಥೆ ಕ್ಷಮೆ ಕೇಳಬೇಕಾಯಿತು. 2018ರಲ್ಲಿ ತಿದ್ದುಪಡಿಯಾದ ಕಾರ್ಮಿಕ ಕಾನೂನು ವಾರಕ್ಕೆ 52 ಗಂಟೆಗಳ ಮಿತಿಯೊಳಗೆ ಈ ಕೆಲಸಗಾರರನ್ನೂ ತಂದಿತು. ಪ್ರೇಕ್ಷಕರ ಕೂಗಿಗೆ ತಕ್ಕಂತೆ ರಾತ್ರೋರಾತ್ರಿ ದೃಶ್ಯ ಬದಲಿಸುವುದು ಅಲ್ಲಿಂದೀಚೆಗೆ ಕಷ್ಟವಾಯಿತು. ಆದುದು ಒಳ್ಳೆಯದಕ್ಕೇ.

ಪೂರ್ತಿ ಚಿತ್ರೀಕರಿಸಿಟ್ಟು ಆಮೇಲೆ ಪ್ರಸಾರ ಮಾಡುವ ಕ್ರಮಕ್ಕೆ ಆ ಹೊತ್ತಿಗಾಗಲೇ ದಾರಿ ತೆರೆದಿತ್ತು. 2016ರ ‘ಡಿಸೆಂಡೆಂಟ್ಸ್ ಆಫ್ ದಿ ಸನ್’ ಹಾಗೆ ಬಂದು ಶೇಕಡಾ 38.8 ತಲುಪಿತು. ನೆಟ್‌ಫ್ಲಿಕ್ಸ್‌ನಂಥ ಸಂಸ್ಥೆಗಳು ಬಂದ ಮೇಲಂತೂ ಅದೇ ರೂಢಿಯಾಗಿದೆ. ಅಡುಗೆಮನೆಯ ಬಾಗಿಲು ಮುಚ್ಚಿದ ಮೇಲೆ ಪ್ರೇಕ್ಷಕರಿಗೆ ಉಳಿದದ್ದು ಉಂಡೆದ್ದು ಹೇಳುವ ಮಾತು.

ಅದರ ಸೊಗಸನ್ನು ತಿಳಿಯಬೇಕಾದರೆ ‘ರಿಪ್ಲೈ 1988’ರ ಜಗಳವನ್ನು ನೋಡಬೇಕು. 2015ರ ನವೆಂಬರಿನಿಂದ 2016ರ ಜನವರಿವರೆಗೆ ನಡೆದ ಈ ಕತೆ, ಒಲಿಂಪಿಕ್ಸ್ ನಡೆದ ವರ್ಷದ ಸೋಲ್ ನಗರದ ಒಂದು ಓಣಿಯದು. ಐದು ಮನೆ, ಐದು ಮಕ್ಕಳು. ಒಂದು ಮನೆಯಲ್ಲಿ ಮಾಡಿದ ಪಲ್ಯ ಇನ್ನೊಂದು ಮನೆಗೆ ಹೋಗುತ್ತದೆ, ಖಾಲಿ ಪಾತ್ರೆ ಬರುವಾಗ ಅದರಲ್ಲಿ ಮತ್ತೇನೋ ತುಂಬಿರುತ್ತದೆ. ಡೊಕ್-ಸುನ್ ಎಂಬವಳು ನಡುವಿನ ಮಗಳು. ಮೊಟ್ಟೆ ಕಡಿಮೆಯಿದ್ದರೆ ಅಕ್ಕನಿಗೂ ತಮ್ಮನಿಗೂ ಸಿಗುತ್ತದೆ, ಇವಳಿಗಿಲ್ಲ. ಇವಳ ಹುಟ್ಟುಹಬ್ಬಕ್ಕೆ ಬೇರೆ ಕೇಕಿಲ್ಲ, ಅಕ್ಕನ ಕೇಕಿನ ಮೇಲೆಯೇ ಮೇಣದ ಬತ್ತಿ ತೆಗೆದು ಮತ್ತೆ ಹಚ್ಚುವುದು. ಒಂದು ದಿನ ಅವಳು ಅತ್ತುಬಿಡುತ್ತಾಳೆ. ಕೇಳಿದವರ ಕರುಳು ಚುರ್ ಎನ್ನುವಂಥ ಅಳು ಅದು. ರಾತ್ರಿ ಅಪ್ಪ ಪುಟ್ಟ ಕೇಕು ಹಿಡಿದುಕೊಂಡು ಬಂದು ಮಗಳ ಕ್ಷಮೆ ಕೇಳುತ್ತಾನೆ. ಮಗಳ ಮುಂದೆ ತಪ್ಪೊಪ್ಪಿಕೊಳ್ಳುವ ಅಪ್ಪನನ್ನು ನಮ್ಮ ತಲೆಮಾರಿನವರು ಎಷ್ಟು ಮಂದಿ ಕಂಡಿದ್ದೇವೆ?

ಜಗಳ ಮಾತ್ರ ಅಪ್ಪನ ಬಗ್ಗೆಯಲ್ಲ, ಅಳಿಯನ ಬಗ್ಗೆ. ಡೊಕ್-ಸುನ್ ಮುಂದೆ ಯಾರನ್ನೋ ಮದುವೆಯಾಗಿದ್ದಾಳೆಂದು ಮೊದಲಿಗೇ ತೋರಿಸುತ್ತಾರೆ, ಯಾರನ್ನೆಂದು ಹೇಳುವುದಿಲ್ಲ. ಒಬ್ಬ ಮೇಲಿನ ಮನೆಯ ಜಂಗ್-ಹ್ವಾನ್: ಪ್ರೀತಿಯಿದೆ, ನಾಲಗೆ ಏಳುವುದಿಲ್ಲ. ಇನ್ನೊಬ್ಬ ಟೇಕ್: ಕಲ್ಲು ಹೂಡುವ ಬದುಕ್ ಆಟದಲ್ಲಿ ದೇಶಕ್ಕೇ ಹೆಸರು ತಂದವನು, ಉಳಿದಂತೆ ಶೂ ಲೇಸು ಕಟ್ಟಲೂ ಬಾರದವನು. ದೇಶವೇ ಎರಡು ಪಕ್ಷವಾಯಿತು; ಎರಡು ಪಕ್ಷಕ್ಕೂ ಗಿಡ್ಡ ಹೆಸರುಗಳು ಹುಟ್ಟಿದವು. ‘ಓನಮ್‌ರ್ಯು’ ಎಂದರೆ ಏನೇ ಆದರೂ ಗಂಡ ಜಂಗ್-ಹ್ವಾನನೇ (ಪಾತ್ರಧಾರಿಯ ಹೆಸರು ರ್ಯು), ‘ಓನಮ್‌ಟೇಕ್’ ಎಂದರೆ ಏನೇ ಆದರೂ ಟೇಕ್. ಗಂಡನ ಮಾತಿನ ಧಾಟಿ, ಕೂರುವ ರೀತಿ ಎಲ್ಲವನ್ನೂ ಪತ್ತೇದಾರರಂತೆ ಅಳೆದರು. ಗೆದ್ದವನು ಟೇಕ್. ಸೋತ ಪಕ್ಷದವರು ವಂಚನೆಯೆಂದರು. ನಡುವಯಸ್ಸಿನ ಗಂಡನ ಒರಟು ಮಾತು ಜಂಗ್-ಹ್ವಾನನದೇ ಆಗಿತ್ತಲ್ಲ, ನಮ್ಮ ಕಣ್ಣಿಗೆ ಮಣ್ಣೆರಚಿದಿರಿ ಎಂದರು.

ನಾವು ಗೆದ್ದ ಪಕ್ಷದ ಕಡೆ. ಕಾರಣ ಒಂದೇ ದೃಶ್ಯ. ಡೊಕ್-ಸುನ್ ಒಬ್ಬಳೇ ಸಂಗೀತ ಕಚೇರಿಗೆ ಹೋಗಿದ್ದಾಳೆಂದು ತಿಳಿದು ಜಂಗ್-ಹ್ವಾನ್ ಕಾರು ಓಡಿಸುತ್ತಾನೆ. ಹಾದಿಯುದ್ದಕ್ಕೂ ಕೆಂಪು ದೀಪ. ಹೋಗಿ ಮುಟ್ಟುವಾಗ ಟೇಕ್ ಆಗಲೇ ಅಲ್ಲಿದ್ದಾನೆ, ತನ್ನ ಪಂದ್ಯವನ್ನೇ ಬಿಟ್ಟುಕೊಟ್ಟು ಬಂದಿದ್ದಾನೆ. ತನ್ನನ್ನು ತಡೆದದ್ದು ಕೆಂಪು ದೀಪವಲ್ಲ, ತಾನು ಹಿಂಜರಿದ ನೂರು ಗಳಿಗೆಗಳೆಂದು ಜಂಗ್-ಹ್ವಾನನಿಗೇ ಅರಿವಾಗುತ್ತದೆ. ಪಾತ್ರವೇ ಸೋಲೊಪ್ಪಿದ ಮೇಲೆ ಪಕ್ಷದವರದೇನು ತಕರಾರು? ಆದರೂ ಇಂದಿಗೂ ಒಪ್ಪದವರಿದ್ದಾರೆ.

ಇಷ್ಟು ಮುದ್ದಾದ ಜಗಳ ಆಡುವವರೇ ಅಂಗಡಿ ಮುಚ್ಚಿಸಲೂ ಬಲ್ಲರು. 2021ರ ಮಾರ್ಚ್ 22ರಂದು ‘ಜೋಸನ್ ಎಕ್ಸಾರ್ಸಿಸ್ಟ್’ ಎಂಬ ಚಾರಿತ್ರಿಕ ಕಾಲದ ಭೂತದ ಕತೆ ಶುರುವಾಯಿತು, 26ಕ್ಕೆ ರದ್ದಾಯಿತು. ಹದಿನಾರು ಕಂತುಗಳ ಯೋಜನೆ, ಬಂದದ್ದು ಎರಡು. ಆಗಿದ್ದೇನೆಂದರೆ, ರಾಜಕುಮಾರನೊಬ್ಬ ವಿದೇಶಿ ಪಾದ್ರಿಯನ್ನು ಉಪಚರಿಸುವ ದೃಶ್ಯದಲ್ಲಿ ಮೇಜಿನ ಮೇಲೆ ಚೀನೀ ತಿನಿಸು: ಹೂರಣ ತುಂಬಿದ ಬಿಲ್ಲೆ, ಹುದುಗಿಸಿಟ್ಟ ಕಪ್ಪು ಮೊಟ್ಟೆ. ಕಿಮ್ಚಿಯೂ ಹಾನ್‌ಬೋಕ್ ಉಡುಪೂ ತಮ್ಮದೆಂದು ಚೀನದ ಕೆಲವರು ವಾದ ಹೂಡಿದ್ದ ಸಮಯ ಅದು. ಮೇಲಾಗಿ ಆ ರಾಜಕುಮಾರ ಮುಂದೆ ಸೇಜೋಂಗ್ ರಾಜನಾಗುವವನು; 1446ರಲ್ಲಿ ಜನರಿಗೆ ತಮ್ಮದೇ ಲಿಪಿಯನ್ನು ಕೊಟ್ಟವನು. ಲಿಪಿ ಕೊಟ್ಟವನನ್ನು ಹಗುರ ಮಾಡಿದರೆ ಜನ ಕೆರಳುವುದು ನಮಗೆ ಅರ್ಥವಾಗುತ್ತದೆ. ಜಾಹೀರಾತುದಾರರು ಒಬ್ಬೊಬ್ಬರಾಗಿ ಕಳಚಿಕೊಂಡರು, ಕತೆ ಅಲ್ಲಿಗೆ ಮುಗಿಯಿತು. ಆದರೆ ನಿರ್ಮಾಪಕರು ಕೊಟ್ಟ ಸಮಜಾಯಿಷಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೃಶ್ಯ ನಡೆಯುವುದು ಚೀನದ ಗಡಿಯ ಊರಿನಲ್ಲಿ, ಅಲ್ಲಿ ಆ ತಿನಿಸು ಇದ್ದೀತು ಎಂದು ಅವರು ಹೇಳಿದ್ದರು. ಗಡಿಯಲ್ಲಿ ಬದುಕುವ ನಮಗೆ ಒಂದೇ ಮೇಜಿನ ಮೇಲೆ ಎರಡು ನಾಡಿನ ತಿಂಡಿ ಕಂಡರೆ ಅಪಚಾರವೆನಿಸದು. ಹದಿನಾರು ಕಂತೂ ನೋಡಿ ಆಮೇಲೆ ಬೈಯಬಹುದಿತ್ತು.

ಪ್ರೇಕ್ಷಕರ ತೀರ್ಪು ಕಾಲಕ್ಕೆ ತಕ್ಕಂತೆ ಮಗುಚುವುದೂ ಉಂಟು. 2005ರಲ್ಲಿ ಶೇಕಡಾ 50 ದಾಟಿದ ‘ನನ್ನ ಹೆಸರು ಕಿಮ್ ಸಾಮ್-ಸೂನ್’ನ ನಾಯಕಿ ಮೂವತ್ತರ ಆಸುಪಾಸಿನ, ಮೈತುಂಬಿದ, ಕೇಕು ಮಾಡುವ ಹೆಂಗಸು. ತನ್ನ ಹಳೆಯ ಕಾಲದ ಹೆಸರೆಂದರೆ ಅವಳಿಗೆ ನಾಚಿಕೆ. ಅಂದು ಅವಳನ್ನೂ ಮೆಚ್ಚಿದರು, ಅವಳ ಸೊಕ್ಕಿನ ಹೋಟೆಲು ಧಣಿಯನ್ನೂ ಮೆಚ್ಚಿದರು. ಅದೇ ಕತೆಯನ್ನು 2024ರಲ್ಲಿ ಎಂಟು ಕಂತುಗಳಿಗೆ ಇಳಿಸಿ ಮತ್ತೆ ತಂದರು. ಈಗಿನ ಹುಡುಗಿಯರು ಸಾಮ್-ಸೂನಳನ್ನು ಇನ್ನಷ್ಟು ಹಚ್ಚಿಕೊಂಡರು. ಕೈಹಿಡಿದು ದರದರ ಎಳೆಯುವ, ಗದರುವ ನಾಯಕನನ್ನು ಕಂಡು ಮಾತ್ರ, ಇವನಲ್ಲಿ ಅಂದಿನವರು ಏನು ಕಂಡರೋ ಎಂದರು.

ಪಾತ್ರದ ಪಾಪ ನಟನಿಗೆ ಅಂಟುವುದು ಹೇಗೆಂಬುದಕ್ಕೆ ಪಾರ್ಕ್ ಹೇ-ಜೂನ್ ಸಾಕ್ಷಿ. 2020ರ ‘ದಿ ವರ್ಲ್ಡ್ ಆಫ್ ದಿ ಮ್ಯಾರೀಡ್’ನಲ್ಲಿ ವೈದ್ಯೆಯಾದ ಹೆಂಡತಿಗೆ ದ್ರೋಹ ಬಗೆದು, ತಾನು ಮಾಡಿದ್ದು ತಪ್ಪೇ ಅಲ್ಲವೆಂಬಂತೆ ಅಬ್ಬರಿಸುವ ಗಂಡ ಈತ. ಕೊನೆಯ ಕಂತು ಶೇಕಡಾ 28.4 ಮುಟ್ಟಿತು, ದೇಶದ ಹೆಂಗಸರ ಶಾಪವೆಲ್ಲ ಈತನ ತಲೆಗೆ ಬಿತ್ತು. 2025ರ ಮಾರ್ಚಿನಲ್ಲಿ ನೆಟ್‌ಫ್ಲಿಕ್ಸ್ ಹೊರತಂದ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರಿನ್ಸ್’ನಲ್ಲಿ ಅದೇ ನಟ ಗ್ವಾನ್-ಸಿಕ್ ಎಂಬ ಮೀನುಗಾರನ ನಡುವಯಸ್ಸನ್ನು ಆಡಿದ. ಶಪಿಸಿದವರೇ ಅತ್ತರು. ಗ್ವಾನ್-ಸಿಕ್ ದೊಡ್ಡ ಮಾತಾಡುವವನಲ್ಲ. ಮನೆಯ ಗಂಡಸರು ದೊಡ್ಡ ಮೇಜಿನಲ್ಲಿ, ಹೆಂಗಸರು ಬದಿಯ ಸಣ್ಣ ಮೇಜಿನಲ್ಲಿ ಉಣ್ಣುವಾಗ, ಅನ್ನದ ಬಟ್ಟಲಿನೊಡನೆ ಹಿಂದಕ್ಕೆ ತಿರುಗಿ ಹೆಂಡತಿ ಮಕ್ಕಳ ಕಡೆ ಮುಖ ಮಾಡಿ ಕೂರುತ್ತಾನೆ, ಅಷ್ಟೇ. ಹೆಂಗಸರು ಕೊನೆಯ ಪಂಕ್ತಿಗೆ ಕಾಯುವ ನಮ್ಮ ಮನೆಗಳಲ್ಲಿ ಆ ತಿರುಗುವಿಕೆಯ ಬೆಲೆ ಹೇಳಿಕೊಡಬೇಕಾಗಿಲ್ಲ. ಇಂಥ ಗಂಡ ಭೂಮಿಯ ಮೇಲಿಲ್ಲವೆಂದು ಕೆಲವು ಹೆಂಗಸರು ನಿಟ್ಟುಸಿರಿಟ್ಟರು. ಅದೇ ಕತೆಯ ಸಿಡುಕು ದೋಣಿಧಣಿ ಸಾಂಗ್-ಗಿಲ್‌ನನ್ನು ತೋರಿಸಿ, ನಮ್ಮ ಅಪ್ಪಂದಿರು ಇವನ ಹಾಗಿದ್ದರು ಎಂದವರೂ ಕಡಿಮೆಯಿಲ್ಲ. ಆ ಒರಟನ ಮೇಲೆ ಅವರಿಗೆ ಒಂದು ಬಗೆಯ ಮರುಕವೂ ಇತ್ತು.

ಕತೆ ನಡೆಯುವುದು ಜೇಜು ದ್ವೀಪದಲ್ಲಿ. ಅಲ್ಲಿನ ಮಾತು ಸೋಲ್‌ನವರಿಗೆ ಸರಿಯಾಗಿ ತಿಳಿಯದು. 2010ರಲ್ಲಿ ಯುನೆಸ್ಕೋ ಅದನ್ನು ಅಳಿವಿನಂಚಿನ ನುಡಿಯೆಂದು ಗುರುತಿಸಿದೆ. 2022ರ ‘ಅವರ್ ಬ್ಲೂಸ್’ನಲ್ಲಿ ಪಾತ್ರಗಳು ಜೇಜು ಮಾತನ್ನೇ ಆಡಿದಾಗ ಸ್ವದೇಶದ ಪ್ರೇಕ್ಷಕರಿಗಾಗಿಯೇ ಕೊರಿಯನ್ ಅಡಿಬರಹ ಹಾಕಬೇಕಾಯಿತು. ಗ್ವಾನ್-ಸಿಕ್‌ನ ಕತೆಯಲ್ಲಿ ಮಾತನ್ನು ಹದಗೊಳಿಸಿದ್ದಾರೆ, ಆದರೆ ಕೊರಿಯಾದಲ್ಲಿ ಅದಕ್ಕಿಟ್ಟ ಹೆಸರು ಮಾತ್ರ ಅಪ್ಪಟ ಜೇಜುವಿನದು: ‘ಪೊಕ್ಸಾಕ್ ಸೊಗಾತ್ಸುದಾ’. ಸೋಲ್‌ನವರ ಕಿವಿಗೆ ಅದು ಪೂರ್ತಿ ಮೋಸಹೋದಿರಿ ಎಂದು ಕೇಳಿಸುತ್ತದೆ. ದ್ವೀಪದವರು ಅದನ್ನು ಹೇಳುವುದು ಕೆಲಸ ಮುಗಿಸಿ ಮನೆಗೆ ಬಂದವರಿಗೆ, ತುಂಬ ದುಡಿದು ದಣಿದಿರಿ ಎಂಬ ಅರ್ಥದಲ್ಲಿ.