ನಾಲ್ಕು ಸಾವಿರ ಪೌಂಡ್ ಚಿನ್ನದ ಜಗಳ

ಇಟಲಿಯ ಮೊಂಜಾ ಊರಿನ ಕೆಥೆಡ್ರಲ್‌ನಲ್ಲಿ ದಂತದ ಎರಡು ಹಲಗೆಗಳಿವೆ. ಒಂದರಲ್ಲಿ ಈಟಿ ಹಿಡಿದು, ಗುರಾಣಿಯ ಮೇಲೆ ಕೈಯೂರಿ ನಿಂತ ಕುರುಚಲು ಗಡ್ಡದ ದಂಡನಾಯಕ. ಇನ್ನೊಂದರಲ್ಲಿ ಕೈಯಲ್ಲಿ ಹೂ ಹಿಡಿದ ಹೆಂಡತಿ, ಪಕ್ಕದಲ್ಲಿ ಪುಟ್ಟ ಮಗ. ಆತ ಸ್ಟಿಲಿಕೊ ಎಂಬುದು ಬಹುಪಾಲು ವಿದ್ವಾಂಸರ ಮಾತು. ಉಡುಪು, ಹೆಗಲ ಕೊಕ್ಕೆ, ನಿಲುವು ಎಲ್ಲವೂ ಅಪ್ಪಟ ರೋಮನ್. ಅಪ್ಪ ಮಾತ್ರ ವ್ಯಾಂಡಲ್ ಕುಲದವನು. ರೋಮ್ ಅದನ್ನು ಕೊನೆತನಕ ಮರೆಯಲಿಲ್ಲ.

ಚಕ್ರವರ್ತಿ ಥಿಯೋಡೋಸಿಯಸ್ ಅದಕ್ಕೆಲ್ಲ ತಲೆಕೆಡಿಸಿಕೊಳ್ಳದೆ ತನ್ನ ಸಹೋದರನ ಮಗಳು ಸೆರೆನಾಳನ್ನೇ ಅವನಿಗೆ ಕೊಟ್ಟಿದ್ದ. 395ರಲ್ಲಿ ಚಕ್ರವರ್ತಿ ತೀರಿಕೊಂಡಾಗ ಪಶ್ಚಿಮ ರೋಮನ್ ಸಾಮ್ರಾಜ್ಯದ ಸಿಂಹಾಸನಕ್ಕೆ ಬಂದವನು ಹತ್ತು ವರ್ಷದ ಹೊನೋರಿಯಸ್. ಭಾರ ಬಿದ್ದದ್ದು ಸ್ಟಿಲಿಕೊನ ಹೆಗಲಿಗೆ. 402ರ ಈಸ್ಟರ್ ದಿನ ಗಾಥರ ದೊರೆ ಅಲಾರಿಕ್‌ನನ್ನು ಪೊಲೆಂಟಿಯಾದಲ್ಲಿ ತಡೆದ. 406ರಲ್ಲಿ ಇನ್ನೊಬ್ಬ ದಾಳಿಕೋರ ರಾಡಗೈಸಸ್‌ನ ದಂಡನ್ನು ಫೀಸೊಲೆ ಬೆಟ್ಟದಲ್ಲಿ ಮುತ್ತಿ, ಉಪವಾಸ ಕೆಡವಿ ಸೋಲಿಸಿದ. ಸೆರೆಸಿಕ್ಕವರಲ್ಲಿ ಗಟ್ಟಿಗರನ್ನು ತನ್ನ ಸೇನೆಗೇ ಸೇರಿಸಿಕೊಂಡ. ಮತ್ತೇನು ಮಾಡಬೇಕಿತ್ತು? ರೋಮನ್ ಜಮೀನ್ದಾರರು ತಮ್ಮ ಒಕ್ಕಲುಗಳನ್ನು ಸೇನೆಗೆ ಬಿಡಲು ಒಪ್ಪುತ್ತಲೇ ಇರಲಿಲ್ಲ.

408ರಲ್ಲಿ ಅಲಾರಿಕ್ 4,000 ಪೌಂಡ್ ಚಿನ್ನ ಕೇಳಿದ. ಕೊಟ್ಟುಬಿಡೋಣ ಎಂದ ಸ್ಟಿಲಿಕೊ. ಸೆನೆಟ್ ಗೊಣಗುತ್ತಲೇ ಒಪ್ಪಿತು. ಇದು ಸಂಧಿಯಲ್ಲ, ಗುಲಾಮಗಿರಿಯ ಪತ್ರ ಎಂದು ಲ್ಯಾಂಪಾಡಿಯಸ್ ಎಂಬ ಸದಸ್ಯ ಗುಡುಗಿದ. ಗುಡುಗಿದವನೇ ಹೆದರಿ ಚರ್ಚಿಗೆ ಓಡಿ ಅವಿತುಕೊಂಡ!

ಅದೇ ವರ್ಷದ ಆಗಸ್ಟ್‌ನಲ್ಲಿ ಚರ್ಚಿನ ಆಸರೆ ಬೇಕಾದದ್ದು ಸ್ಟಿಲಿಕೊಗೆ. ಅವನು ಮಗನನ್ನು ಪಟ್ಟಕ್ಕೇರಿಸಲು ಹೊಂಚು ಹಾಕಿದ್ದಾನೆಂದು ಆಸ್ಥಾನದ ಒಲಿಂಪಿಯಸ್ ಹೊನೋರಿಯಸ್‌ನ ಕಿವಿ ಕಚ್ಚಿದ್ದ. ರವೆನ್ನಾದ ಚರ್ಚಿಗೆ ಬೆಳಗಾಗುತ್ತಲೇ ಸೈನಿಕರು ಬಂದರು. ಬಂಧಿಸಲಷ್ಟೇ ಆಜ್ಞೆ ಎಂದು ಬಿಷಪ್ಪರ ಎದುರು ಆಣೆ ಮಾಡಿದರು. ಅವನು ಹೊಸ್ತಿಲು ದಾಟಿದ ಮೇಲೆ ಎರಡನೆಯ ಓಲೆ ತೆರೆದರು: ಮರಣದಂಡನೆ. ಬಿಡಿಸಿಕೊಳ್ಳಲು ನುಗ್ಗಿದ ತನ್ನವರನ್ನು ತಾನೇ ಗದರಿಸಿ ತಡೆದು ಕತ್ತು ಕೊಟ್ಟ. ಇಂಥವನನ್ನು ದ್ರೋಹಿ ಎನ್ನಲು ನನಗಂತೂ ಬಾಯಿ ಬಾರದು.

ಆಮೇಲೆ ಇಟಲಿಯ ಊರೂರಲ್ಲಿ ರೋಮನ್ ಸೈನಿಕರು ಅವನ ಅನ್ಯಕುಲದ ಯೋಧರ ಹೆಂಡಿರು ಮಕ್ಕಳನ್ನು ಕೊಂದರು. ರೊಚ್ಚಿಗೆದ್ದ ಯೋಧರು ಅಲಾರಿಕ್‌ನ ಪಾಳಯ ಸೇರಿದರು. ಅವನು ರೋಮ್ ನಗರವನ್ನೇ ಮುತ್ತಿದ. ಒಳಸಂಚಿನ ಗುಮಾನಿಯಲ್ಲಿ ಸೆನೆಟ್ ವಿಧವೆ ಸೆರೆನಾಳನ್ನೂ ಕೊಲ್ಲಿಸಿತು. ಮುತ್ತಿಗೆ ಸಡಿಲಲಿಲ್ಲ.

ಈ ಸಲದ ಬೆಲೆ 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿ, ಜೊತೆಗೆ 3,000 ಪೌಂಡ್ ಕಾಳುಮೆಣಸು. ಆ ಮೆಣಸು ಹಡಗೇರಿದ್ದು ಭಾರತದ ಪಶ್ಚಿಮ ಕರಾವಳಿಯಲ್ಲಿ. ಖಜಾನೆ ಸಾಲದೆ ದೇವತೆಗಳ ಚಿನ್ನಬೆಳ್ಳಿಯ ವಿಗ್ರಹಗಳನ್ನು ಕುಲುಮೆಗೆ ಹಾಕಿದರು. ಕರಗಿದವುಗಳಲ್ಲಿ ಒಂದು ಶೌರ್ಯದೇವತೆಯದು.